ಮುಚ್ಚಿದ ಗುಂಡಿ ಮತ್ತೆ ಬಾಯಿ ತೆರೆದರೆ: ಡಾಂಬರು ತೇಪೆಯ ದೋಷ ಪತ್ತೆ

ಮೇ ತಿಂಗಳಲ್ಲಿ ಮುಚ್ಚಿದ ಗುಂಡಿ ಜುಲೈ ಹೊತ್ತಿಗೆ ಮತ್ತೆ ಬಾಯಿ ತೆರೆದಿದ್ದರೆ, ಇನ್ನೊಂದು ಟ್ರ್ಯಾಕ್ಟರ್ ಡಾಂಬರು ಜಲ್ಲಿ ತರಿಸುವ ಮುಂಚೆ ಹಾರೆ ಕೈಗೆತ್ತಿಕೊಳ್ಳಿ. ಹಾಳಾದ ತೇಪೆಯಲ್ಲಿ ಉಳಿದಿರುವ ಭಾಗವನ್ನು ಎಬ್ಬಿಸಿ, ಅದು ಎಲ್ಲಿಂದ ಬಿಟ್ಟುಕೊಂಡಿದೆ ಎಂದು ನೋಡಿ. ಬಿಲ್ಲೆಯಂತೆ ಇಡಿಯಾಗಿ ಎದ್ದು ಬಂತೇ, ಜಲ್ಲಿ ಉದುರಿ ಖಾಲಿಯಾಯಿತೇ, ಅಂಚಿನಲ್ಲಷ್ಟೇ ಬಿರಿಯಿತೇ, ಇದ್ದಲ್ಲೇ ಕುಸಿಯಿತೇ? ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲದಕ್ಕೂ ಇನ್ನಷ್ಟು ಮಾಲು ಸುರಿಯುವುದೇ ಉತ್ತರ ಎಂದುಕೊಂಡಿರುವುದರಿಂದಲೇ ಒಂದೇ ಗುಂಡಿಗೆ ವರ್ಷಕ್ಕೆ ಮೂರು ಸಲ ದುಡ್ಡು ಹೋಗುತ್ತದೆ.

ಈ ಬರಹ ವಾರ್ಡಿನ ಎಂಜಿನಿಯರುಗಳಿಗೆ, ಗುತ್ತಿಗೆದಾರರ ಮೇಸ್ತ್ರಿಗಳಿಗೆ, ಸ್ವಂತ ಖರ್ಚಿನಲ್ಲಿ ರಸ್ತೆ ನೋಡಿಕೊಳ್ಳುವ ಬಡಾವಣೆ ಸಂಘದವರಿಗೆ. ಅಳತೆ, ಉಷ್ಣತೆಗಳು ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ವಿಜಿ-30 ಎಂಬ ದರ್ಜೆಯ ಡಾಂಬರಿಗೆ ಹೊಂದುವಂಥವು.

ಎಬ್ಬಿಸುವ ಮುಂಚೆ

ಬೇಕಾಗುವ ಸಾಮಾನು ಕಡಿಮೆ: ಹಾರೆ, ಸುತ್ತಿಗೆ, ಟೇಪು, 3 ಮೀಟರಿನ ನೇರಪಟ್ಟಿ, ಸೀಮೆಸುಣ್ಣ, ಒಂದು ಬಕೆಟ್ ನೀರು.

ಗುಂಡಿಯ ಸುತ್ತ ಒಂದು ಮೀಟರಿನಷ್ಟು ಜಾಗವನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ರಸ್ತೆ ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಿರುವ ಕಡೆ ಡಬ್ ಎಂಬ ಟೊಳ್ಳು ಸದ್ದು ಬರುತ್ತದೆ. ಸದ್ದು ಬದಲಾದ ಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಕಣ್ಣಿಗೆ ಕಾಣುವ ಗುಂಡಿಗಿಂತ ಈ ಗೆರೆಯೊಳಗಿನ ಜಾಗ ಬಹುತೇಕ ದೊಡ್ಡದಿರುತ್ತದೆ. ಕತ್ತರಿಸಬೇಕಾದ್ದು ಗೆರೆಯ ಹೊರಗೆ.

ಆಮೇಲೆ ಬಕೆಟ್ ನೀರನ್ನು ಗುಂಡಿಯ ಮೇಲ್ಭಾಗಕ್ಕೆ, ಅಂದರೆ ರಸ್ತೆಯ ನಡುವಿಗೆ ಸುರಿದು ನೋಡಿ. ಅದು ಚರಂಡಿಯ ಕಡೆಗೆ ಹರಿಯಬೇಕು. ರಸ್ತೆಯ ನಡುವಿನಿಂದ ಅಂಚಿಗೆ 2ರಿಂದ 2.5% ಇಳಿಜಾರು ಇದ್ದರೆ 3.5 ಮೀಟರ್ ಅಗಲಕ್ಕೆ 70ರಿಂದ 87 ಮಿ.ಮೀ. ಇಳಿಕೆ ಸಿಗುತ್ತದೆ. ದಾರ ಕಟ್ಟಿ ಅಳೆದರೆ ಗೊತ್ತಾಗುತ್ತದೆ. ಮೇಲಿಂದ ಮೇಲೆ ಡಾಂಬರು ಹಾಕಿ ಎತ್ತರವಾದ ರಸ್ತೆಗಳಲ್ಲಿ ಅಂಚಿನ ಮಣ್ಣೋ ಚರಂಡಿಯ ಕಲ್ಲೋ ನೀರಿಗೆ ಅಡ್ಡ ನಿಂತಿರುವುದು ಸಾಮಾನ್ಯ. ನೀರು ಗುಂಡಿಯಲ್ಲೇ ನಿಂತರೆ ಅಲ್ಲಿ ಯಾವ ತೇಪೆಯೂ ಒಂದು ಮಳೆಗಾಲ ದಾಟುವುದು ಕಷ್ಟ.

ಬಿಲ್ಲೆಯಂತೆ ಇಡಿಯಾಗಿ ಎದ್ದಿದ್ದರೆ

ಎದ್ದ ತುಂಡನ್ನು ತಿರುಗಿಸಿ ಅಡಿಭಾಗ ನೋಡಿ. ಬೂದು ಬಣ್ಣದ ದೂಳು ಮೆತ್ತಿಕೊಂಡಿದ್ದರೆ ಗುಂಡಿಯನ್ನು ಗುಡಿಸಿಲ್ಲ. ಪೊರಕೆಯಿಂದ ಒಮ್ಮೆ ಗುಡಿಸಿದರೆ ದೊಡ್ಡ ಕಸ ಹೋಗುತ್ತದೆಯೇ ಹೊರತು ಡಾಂಬರಿನ ಅಂಟನ್ನು ಕೆಡಿಸುವ ಸಣ್ಣ ದೂಳು ಹೋಗುವುದಿಲ್ಲ. ಅದಕ್ಕೆ ಕಂಪ್ರೆಸರ್ ಗಾಳಿಯೇ ಬೇಕು. ಕಂಪ್ರೆಸರ್ ಇಲ್ಲದ ಕಡೆ ತಂತಿ ಬ್ರಷ್ಷಿನಿಂದ ಉಜ್ಜಿ, ಮೆತ್ತನೆಯ ಪೊರಕೆಯಿಂದ ಎರಡು ಮೂರು ಸಲ ಗುಡಿಸಿ, ಕೈಯಲ್ಲಿ ಸವರಿದಾಗ ಬೆರಳಿಗೆ ಪುಡಿ ಅಂಟದ ಹಾಗೆ ಮಾಡಬೇಕು.

ಅಡಿಭಾಗ ಒಣಗಿ ಮಂಕಾಗಿದ್ದು, ಹಳೆಯ ರಸ್ತೆಯ ಮೇಲೂ ಕಪ್ಪು ಲೇಪದ ಗುರುತೇ ಇಲ್ಲದಿದ್ದರೆ ಟ್ಯಾಕ್ ಕೋಟ್ (ಹೊಸ ಮಾಲು ಹಳೆಯ ರಸ್ತೆಗೆ ಅಂಟಲೆಂದು ಬಳಿಯುವ ತೆಳು ಡಾಂಬರು ಲೇಪ) ಹಾಕಿಲ್ಲ. ಕಪ್ಪಗೆ ಜಿಡ್ಡಾಗಿ, ಬೆರಳಿಗೆ ಮೆತ್ತಿಕೊಳ್ಳುವಂತಿದ್ದರೆ ಜಾಸ್ತಿ ಸುರಿದಿದ್ದಾರೆ. ಹೆಚ್ಚಾದ ಟ್ಯಾಕ್ ಕೋಟ್ ಅಂಟಿನ ಕೆಲಸ ಬಿಟ್ಟು ಎಣ್ಣೆಯ ಹಾಗೆ ಜಾರುತ್ತದೆ.

ಪ್ರಮಾಣ ಎಷ್ಟು ಕಡಿಮೆ ಎಂಬುದನ್ನು ಕೆಲಸದವರಿಗೆ ಕಣ್ಣಾರೆ ತೋರಿಸಬೇಕು. ಹಳೆಯ ಡಾಂಬರಿನ ಮೇಲೆ ಚದರ ಮೀಟರಿಗೆ 0.20ರಿಂದ 0.30 ಕೆ.ಜಿ. ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಸಾಕು. 1 ಮೀಟರ್ ಉದ್ದ, 60 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ಗುಂಡಿಯ ತಳಕ್ಕೆ ಸುಮಾರು 150 ಗ್ರಾಂ, ನಾಲ್ಕು ಬದಿಗೆ 40ರಿಂದ 50 ಗ್ರಾಂ. ಒಟ್ಟು ಒಂದು ಲೋಟ. ಡಬ್ಬಿಯಿಂದ ಸುರಿಯುವ ಅಭ್ಯಾಸ ಬಿಡಿಸಿ ಬ್ರಷ್ ಕೈಗೆ ಕೊಟ್ಟರೆ ಈ ತಪ್ಪು ತಾನಾಗಿ ನಿಲ್ಲುತ್ತದೆ.

ಇನ್ನೊಂದು ತಪ್ಪು ಅವಸರದ್ದು. ಬೇಗ ಒಡೆಯುವ ಆರ್‌ಎಸ್-1 ಎಮಲ್ಷನ್ ಹಾಕಿದಾಗ ಕಂದು ಬಣ್ಣ. ಅದರೊಳಗಿನ ನೀರು ಬೇರ್ಪಟ್ಟ ಮೇಲೆ ಕಪ್ಪಾಗುತ್ತದೆ. ಕಂದಾಗಿರುವಾಗಲೇ ಬಿಸಿ ಮಾಲು ಸುರಿದರೆ ಆ ನೀರು ಆವಿಯಾಗಿ ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಅಂಟು ಹಿಡಿಯುವುದೇ ಇಲ್ಲ. ಬಿಸಿಲಿದ್ದರೆ ಕೆಲವೇ ನಿಮಿಷ, ಮೋಡವಿದ್ದರೆ ಅರ್ಧ ಗಂಟೆಯೂ ಆಗಬಹುದು. ಗಡಿಯಾರ ನೋಡಬೇಡಿ, ಬಣ್ಣ ನೋಡಿ. ಬಹಳ ದಿನ ನಿಂತ ಡ್ರಮ್ಮಿನಲ್ಲಿ ಡಾಂಬರು ತಳಕ್ಕೆ ಇಳಿದಿರುತ್ತದೆ. ಉರುಳಿಸಿ ಕಲಸದೆ ಮೇಲಿನದನ್ನಷ್ಟೇ ಬಳಸಿದರೆ ನೀವು ಬಳಿದದ್ದು ಬಹುಪಾಲು ನೀರು.

ತೇಪೆಯ ದಪ್ಪವನ್ನೂ ಅಳೆಯಿರಿ. 15-20 ಮಿ.ಮೀ. ದಪ್ಪದ ಬಿಲ್ಲೆ ಏಳುವುದು ಆಶ್ಚರ್ಯವಲ್ಲ, ಅಷ್ಟು ತೆಳು ಪದರದಲ್ಲಿ ಜಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಲು ಜಾಗವೇ ಇರುವುದಿಲ್ಲ. ಮಿಶ್ರಣದ ದೊಡ್ಡ ಜಲ್ಲಿಯ ಗಾತ್ರಕ್ಕಿಂತ ಪದರ ಕನಿಷ್ಠ ಮೂರು ಪಟ್ಟು ದಪ್ಪ ಇರಬೇಕು. 13 ಮಿ.ಮೀ. ಜಲ್ಲಿಯಿದ್ದರೆ 40 ಮಿ.ಮೀ. ಗುಂಡಿ ಅಷ್ಟು ಆಳವಿಲ್ಲದಿದ್ದರೆ ಆಳ ಮಾಡಿ ಮುಚ್ಚಬೇಕು.

ಜಲ್ಲಿ ಉದುರಿ ಹೋಗುತ್ತಿದ್ದರೆ

ಉದುರಿದ ಜಲ್ಲಿಯನ್ನು ಕೈಗೆ ತೆಗೆದುಕೊಳ್ಳಿ. ಕಪ್ಪು ಲೇಪ ಹಾಗೇ ಇದ್ದು ಬಿಡಿಬಿಡಿಯಾಗಿದ್ದರೆ, ಮಾಲು ತಣ್ಣಗಾದ ಮೇಲೆ ದಮ್ಮಸು ಹಾಕಿದ್ದಾರೆ. ವಿಜಿ-30 ಮಾಲು ಗುಂಡಿಗೆ ಬೀಳುವಾಗ 140 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆ ಇರಬಾರದು, ದಮ್ಮಸು 90 ಡಿಗ್ರಿಯ ಮೇಲಿರುವಾಗಲೇ ಮುಗಿಯಬೇಕು. ಟಾರ್ಪಾಲು ಮುಚ್ಚದ ಗಾಡಿಯಲ್ಲಿ ನಗರದ ಟ್ರಾಫಿಕ್ಕಿನೊಳಗೆ ಒಂದೂವರೆ ಗಂಟೆ ಬಂದ ಮಾಲು, ರಾಶಿಯ ನಡುವೆ ಬಿಸಿಯಿದ್ದರೂ ಮೇಲೆ, ಬದಿಯಲ್ಲಿ ಗಡ್ಡೆ ಕಟ್ಟಿರುತ್ತದೆ. ಆ ಗಡ್ಡೆಗಳೇ ಮೊದಲು ಉದುರುವವು. ಕಡ್ಡಿ ಥರ್ಮಾಮೀಟರನ್ನು ರಾಶಿಯ ಮೂರು ಕಡೆ ಚುಚ್ಚಿ ನೋಡಿ. ತೆಳು ಪದರ ಇನ್ನೂ ಬೇಗ ತಣಿಯುತ್ತದೆ. ದಪ್ಪ ಅರ್ಧವಾದರೆ ಸಿಗುವ ಹೊತ್ತು ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಹತ್ತು ಗುಂಡಿಗೆ ಮಾಲು ಹಂಚಿ ಆಮೇಲೆ ಒಟ್ಟಿಗೆ ರೋಲರ್ ಓಡಿಸುವ ಕ್ರಮ ತಪ್ಪು. ಒಂದು ಗುಂಡಿ ತುಂಬಿ, ಅದನ್ನು ಗಟ್ಟಿ ಮಾಡಿ, ಮುಂದಿನದಕ್ಕೆ ಹೋಗಿ.

ಲೇಪ ಕಪ್ಪಾಗಿದ್ದರೂ ಹೊಳಪಿಲ್ಲದೆ, ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತಿದ್ದರೆ ಡಾಂಬರು ಸುಟ್ಟುಹೋಗಿದೆ. ರಸ್ತೆ ಬದಿಯಲ್ಲಿ ಸೌದೆ ಉರಿಸಿ ಕಾಯಿಸುವಲ್ಲಿ ಇದು ಹೆಚ್ಚು. 165 ಡಿಗ್ರಿ ದಾಟಿಸಬಾರದು. ದಟ್ಟ ಹೊಗೆ ಏಳುತ್ತಿದೆ ಎಂದರೆ ಆಗಲೇ ದಾಟಿದೆ. ತೆಳುವಾಗಲಿ ಎಂದು ಡೀಸೆಲ್ ಬೆರೆಸುವುದು, ಸಲಿಕೆಗೆ ಅಂಟದಿರಲಿ ಎಂದು ಡೀಸೆಲ್ ಬಳಿಯುವುದು ಎರಡೂ ತೇಪೆಗೆ ವಿಷ. ರೋಲರ್ ಉರುಳೆಗೆ ಸೋಪಿನ ನೀರು ಸಾಕು.

ಜಲ್ಲಿ ತೊಳೆದಂತೆ ಬೆಳ್ಳಗೆ ಕಾಣುತ್ತಿದ್ದರೆ ಕಥೆ ಬೇರೆ: ನೀರು ಡಾಂಬರನ್ನು ಕಲ್ಲಿನಿಂದ ಬಿಡಿಸಿದೆ. ಬೆಂಗಳೂರು, ರಾಮನಗರ, ತುಮಕೂರು ಸುತ್ತಿನ ಗ್ರಾನೈಟ್, ನೈಸ್ ಕಲ್ಲುಗಳಲ್ಲಿ ಸಿಲಿಕಾ ಅಂಶ ಹೆಚ್ಚು. ಅವುಗಳ ಮೈಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಬೆಳಗಾವಿ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಈ ವಿಷಯದಲ್ಲಿ ಸಾಮಾನ್ಯವಾಗಿ ವಾಸಿ. ಹೊಸ ಮಾಲು ಬಂದಾಗಲೇ ಒಂದು ಹಿಡಿ ತೆಗೆದು 10 ನಿಮಿಷ ನೀರಿನಲ್ಲಿ ಕುದಿಸಿ, ಬಸಿದು, ಒಣಗಿಸಿ ನೋಡಿ. ಬಿಳಿ ಕಲ್ಲು ಅಲ್ಲಲ್ಲಿ ಎದ್ದು ಕಂಡರೆ ಆ ಮಾಲು ಮಳೆಗೆ ನಿಲ್ಲುವುದಿಲ್ಲ. ಇದು ಸ್ಥಳದಲ್ಲೇ ಮಾಡುವ ಒರಟು ಪರೀಕ್ಷೆ. ಪ್ರಯೋಗಾಲಯದಲ್ಲಿ ಐಎಸ್ 6241 ಎಂಬ ಭಾರತೀಯ ಮಾನಕದ ಪ್ರಕಾರ 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟ ಮೇಲೆ 95% ಲೇಪ ಉಳಿದಿರಬೇಕು. ಉಳಿಯದಿದ್ದರೆ ಜಲ್ಲಿಪುಡಿಯ ಬದಲು ಜಲ್ಲಿಯ ತೂಕದ 2% ಅರಳಿದ ಸುಣ್ಣದ ಪುಡಿ ಬೆರೆಸಲು, ಇಲ್ಲವೇ ಅಂಟು ಹೆಚ್ಚಿಸುವ ರಾಸಾಯನಿಕ ಹಾಕಲು ಪ್ಲಾಂಟಿನವರಿಗೆ ಹೇಳಿ.

ಅಂಚು ಬಿಟ್ಟರೆ, ಪಕ್ಕದಲ್ಲೇ ಹೊಸ ಗುಂಡಿ ಬಿದ್ದರೆ

ತೇಪೆಯ ನಡುಭಾಗ ಗಟ್ಟಿಯಾಗಿದ್ದು ಸುತ್ತ ಉಂಗುರದ ಹಾಗೆ ಬಿರಿದಿದ್ದರೆ, ಗುಂಡಿಯನ್ನು ಕತ್ತರಿಸದೆ ಬೋಗುಣಿಯ ಆಕಾರದಲ್ಲೇ ತುಂಬಿದ್ದಾರೆ. ಅಂಚಿನಲ್ಲಿ ಮಾಲು ತೆಳುವಾಗುತ್ತಾ ಹೋಗಿ ಶೂನ್ಯವಾಗುತ್ತದೆ. ಆ ತೆಳು ತುದಿ ಚಕ್ರದ ಕೆಳಗೆ ಒಡೆದು, ಅಲ್ಲಿಂದ ನೀರು ಇಳಿಯುತ್ತದೆ. ಬದಿಗಳು ನೆಟ್ಟಗೆ, ಆಕಾರ ಆಯತವಾಗಿ ಇರಬೇಕು. ಕಟ್ಟರ್ ಯಂತ್ರ ಇಲ್ಲದಿದ್ದರೆ ಉಳಿ, ಪಿಕಾಸಿ ಸಾಕು. ಬದಿಗೆ ಬ್ರಷ್ಷಿನಿಂದ ಟ್ಯಾಕ್ ಬಳಿಯುವುದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ನೀರು ಮೊದಲು ನುಗ್ಗುವುದು ಅಲ್ಲಿಂದಲೇ.

ತೇಪೆ ಪೂರ್ತಿ ಚೆನ್ನಾಗಿದ್ದು ಒಂದು ಗೇಣು ಆಚೆ ಹೊಸ ಗುಂಡಿ ಬಿದ್ದಿದ್ದರೆ ತೇಪೆಯ ತಪ್ಪಲ್ಲ, ಗುರುತು ಮಾಡಿದ್ದರ ತಪ್ಪು. ಸುತ್ತ ಮೊಸಳೆ ಚರ್ಮದಂಥ ಬಿರುಕು ಇರುವಷ್ಟೂ ಜಾಗ ಆಗಲೇ ಸತ್ತಿದೆ. ಬಿರುಕು ಮುಗಿದು 15ರಿಂದ 30 ಸೆಂ.ಮೀ. ಆಚೆ, ಗಟ್ಟಿ ರಸ್ತೆಯೊಳಗೆ ಕತ್ತರಿಸಿ.

ಬೋಗುಣಿಯಂತೆ ಕುಸಿದರೆ

ತೇಪೆ ಒಡೆಯದೆ ತಗ್ಗಾಗಿದ್ದರೆ ಮೊದಲ ಅನುಮಾನ ದಮ್ಮಸಿನ ಮೇಲೆ. ಇಲ್ಲಿ ಒಂದು ಮೋಸವಿದೆ, ಅನುಭವಿ ಮೇಸ್ತ್ರಿಗಳೂ ಇದಕ್ಕೆ ಬೀಳುತ್ತಾರೆ. 8ರಿಂದ 10 ಟನ್ನಿನ ರೋಲರ್ ಮೂರು ಸಲ ಮೇಲೆ ಹೋಯಿತು, ಇನ್ನೇನು ಬೇಕು ಎಂದು ತೋರುತ್ತದೆ. ಆದರೆ ಗುಂಡಿ 60 ಸೆಂ.ಮೀ. ಅಗಲ, ಉರುಳೆ ಅದಕ್ಕಿಂತ ಬಹಳ ಅಗಲ. ಮಾಲು ಹಳೆಯ ರಸ್ತೆಯ ಮಟ್ಟಕ್ಕೆ ಇಳಿದ ಕ್ಷಣದಿಂದ ರೋಲರಿನ ಭಾರವನ್ನೆಲ್ಲ ಎರಡೂ ಬದಿಯ ಹಳೆಯ ರಸ್ತೆ ಹೊರುತ್ತದೆ. ಮಧ್ಯದ ಮಾಲಿಗೆ ಅದು ಮುಟ್ಟುವುದೇ ಇಲ್ಲ. ಮೇಲೆ ನುಣುಪು, ಒಳಗೆ ಸಡಿಲು. ಆ ಸಡಿಲನ್ನು ಆಮೇಲೆ ಬಸ್ಸು, ಲಾರಿಗಳ ಚಕ್ರ ಅದುಮುತ್ತದೆ, ತಗ್ಗಾಗುತ್ತದೆ, ನೀರು ನಿಲ್ಲುತ್ತದೆ.

ಇದಕ್ಕೆ ಎರಡು ಉಪಾಯ. ಕೆಳಪದರಗಳನ್ನು ಪ್ಲೇಟ್ ಕಾಂಪ್ಯಾಕ್ಟರ್ ಅಥವಾ ಕೈ ದಿಮ್ಮಸಿನಿಂದ ಗುಂಡಿಯೊಳಗೇ ಗಟ್ಟಿ ಮಾಡುವುದು ಒಂದು. ಮೇಲಿನ ಪದರವನ್ನು ಸಾಕಷ್ಟು ಉಬ್ಬಿಸಿ ಹರಡುವುದು ಇನ್ನೊಂದು: 50 ಮಿ.ಮೀ. ದಪ್ಪ ಬೇಕಾದರೆ 60ರಿಂದ 65 ಮಿ.ಮೀ. ಹಾಕಬೇಕು. ಸಡಿಲ ಮಾಲು ಒಂದು ಸಲಕ್ಕೆ 100 ಮಿ.ಮೀ. ಮೀರಬಾರದು. ಆಳದ ಗುಂಡಿಯನ್ನು ಒಂದೇ ಸಲಕ್ಕೆ ತುಂಬಿದರೆ ತಳ ಎಂದಿಗೂ ಗಟ್ಟಿಯಾಗುವುದಿಲ್ಲ. ದಮ್ಮಸು ಅಂಚಿನಿಂದ ನಡುವಿಗೆ ಬರಲಿ. ಮುಗಿದ ಮೇಲೆ ತೇಪೆ ಸುತ್ತಲಿಗಿಂತ 3ರಿಂದ 5 ಮಿ.ಮೀ. ಮೇಲಿದ್ದರೆ ವಾಹನಗಳೇ ಮಟ್ಟ ಮಾಡಿಕೊಳ್ಳುತ್ತವೆ. ಅದಕ್ಕಿಂತ ಹೆಚ್ಚಾದರೆ ದ್ವಿಚಕ್ರ ವಾಹನದವರಿಗೆ ಅಪಾಯ.

ದಮ್ಮಸು ಸರಿಯಿದ್ದೂ ಕುಸಿದಿದ್ದರೆ ತಳ ಅಗೆಯಿರಿ. ಮಣ್ಣು, ಇಟ್ಟಿಗೆ ಚೂರು, ಕಟ್ಟಡದ ಅವಶೇಷ ಸಿಕ್ಕಿದರೆ ಹುಡುಕಾಟ ಅಲ್ಲಿಗೇ ಮುಗಿಯಿತು: ಅವು ನೀರು ಹೀರಿ ಮೆತ್ತಗಾಗುತ್ತವೆ, ಪೂರ್ತಿ ತೆಗೆಯಬೇಕು.

ಬಸ್ ನಿಲ್ದಾಣ, ಸಿಗ್ನಲ್ ಹತ್ತಿರ ತೇಪೆ ಕುಸಿಯದೆ ಮುಂದಕ್ಕೆ ತಳ್ಳಿಕೊಂಡು ಅಲೆಯಂತೆ ಉಬ್ಬಿದರೆ ಡಾಂಬರೋ ಟ್ಯಾಕ್ ಕೋಟೋ ಹೆಚ್ಚಾಗಿದೆ. ಏಪ್ರಿಲ್, ಮೇ ಬಿಸಿಲಿಗೆ ಜಿಡ್ಡು ಮೇಲೆ ಬಂದಿರುತ್ತದೆ. ಉಬ್ಬನ್ನು ಕತ್ತರಿಸಿ ತೆಗೆದು, ಗಡಸಾದ ವಿಜಿ-40 ಮಾಲು ಬಳಸಿ.

ಅದೇ ಜಾಗ, ಮೂರನೇ ಸಲ

ಕತ್ತರಿಸಿದ್ದು ಸರಿ, ಗುಡಿಸಿದ್ದು ಸರಿ, ಬಿಸಿ ಸರಿ, ಆದರೂ ಅಲ್ಲೇ ಏಳುತ್ತಿದೆ ಎಂದರೆ ನೀರು ಕೆಳಗಿನಿಂದ ಬರುತ್ತಿದೆ. ಬಿರುಕುಗಳ ಸುತ್ತ ಕೆಸರಿನ ಕಲೆ ಒಣಗಿ ಅಂಟಿದೆಯೇ ನೋಡಿ. ಚಕ್ರ ಹಾದಾಗಲೆಲ್ಲ ಕೆಳಗಿನ ನೀರು ಒತ್ತಡಕ್ಕೆ ಸಿಕ್ಕಿ, ಜಲ್ಲಿಪದರದ ನುಣ್ಣನೆಯ ಪುಡಿಯನ್ನು ಹೊತ್ತು ಮೇಲೆ ಚಿಮ್ಮುತ್ತದೆ. ಪುಡಿ ಹೋದಲ್ಲಿ ಟೊಳ್ಳು, ಟೊಳ್ಳಿನ ಮೇಲೆ ಡಾಂಬರು ಎಷ್ಟು ದಿನ ನಿಂತೀತು?

ಯಾವ ನೀರು ಎಂಬುದು ಮುಂದಿನ ಪ್ರಶ್ನೆ. ನಾಲ್ಕೈದು ದಿನ ಮಳೆಯಿಲ್ಲದೆಯೂ ಗುಂಡಿಯ ತಳ ಒದ್ದೆಯಾಗಿದ್ದರೆ ಪೈಪು ಸೋರುತ್ತಿರಬಹುದು. ನಮ್ಮ ಊರುಗಳಲ್ಲಿ ನೀರು ದಿನ ಬಿಟ್ಟು ದಿನ ಬರುವುದೇ ಹೆಚ್ಚು, ಅದನ್ನೇ ಪರೀಕ್ಷೆಗೆ ಬಳಸಿಕೊಳ್ಳಿ. ನೀರು ಬಿಟ್ಟ ಹೊತ್ತಿಗೆ ಒದ್ದೆ ಹೆಚ್ಚಾಗಿ, ನಿಲ್ಲಿಸಿದ ಮೇಲೆ ಇಳಿದರೆ ಅನುಮಾನ ಬೇಡ. ನೀರು ಸರಬರಾಜಿನವರ ಹತ್ತಿರ ಇರುವ ಕ್ಲೋರಿನ್ ಪರೀಕ್ಷಾ ಕಿಟ್ಟಿನಲ್ಲಿ ಬಣ್ಣ ಬಂದರೆ ಅದು ಕೊಳಾಯಿ ನೀರು. ಬರದಿದ್ದರೆ ಕೊಳಾಯಿ ಅಲ್ಲ ಎಂದು ತೀರ್ಮಾನಿಸಬೇಡಿ, ಮಣ್ಣಿನಲ್ಲಿ ಹರಿಯುವಾಗ ಕ್ಲೋರಿನ್ ಕಳೆದುಹೋಗುತ್ತದೆ. ಕೆಟ್ಟ ವಾಸನೆಯಿದ್ದರೆ ಒಳಚರಂಡಿ. ಮ್ಯಾನ್‌ಹೋಲ್ ಮುಚ್ಚಳದ ಸುತ್ತಲೇ ಗುಂಡಿ ಬೀಳುತ್ತಿದ್ದರೆ ಒಳಗೋಡೆಯ ಗಾರೆ ಬಿಟ್ಟು ಮಣ್ಣು ಒಳಕ್ಕೆ ಜಾರುತ್ತಿದೆಯೇ ಎಂದು ಮುಚ್ಚಳ ತೆಗೆಸಿ ನೋಡಿಸಿ, ಆದರೆ ಯಾರನ್ನೂ ಒಳಗೆ ಇಳಿಸಬೇಡಿ. ಪೈಪು ಸರಿಪಡಿಸುವವರೆಗೆ ಡಾಂಬರು ಹಾಕುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆಯೇ.

ಗುಂಡಿಗಳು ಉದ್ದಕ್ಕೆ ಒಂದೇ ಸಾಲಿನಲ್ಲಿದ್ದರೆ ಹಿಂದೆ ಕೇಬಲ್ಲಿಗೋ ಪೈಪಿಗೋ ಅಗೆದ ಕಾಲುವೆ ಅದು. ಅಗೆದ ಮಣ್ಣನ್ನೇ ದಮ್ಮಸಿಲ್ಲದೆ ವಾಪಸ್ ತುಂಬಿರುತ್ತಾರೆ. ಬಿಡಿ ಗುಂಡಿಗಳನ್ನು ಬಿಟ್ಟು ಕಾಲುವೆಯನ್ನೇ ಮತ್ತೆ ತೆಗೆದು ಪದರ ಪದರವಾಗಿ ತುಂಬಬೇಕು.

ಮಲೆನಾಡಿನ ಕಡೆ ಗುಡ್ಡ ಕಡಿದು ಮಾಡಿದ ರಸ್ತೆಗಳಲ್ಲಿ ಒರತೆ ನೀರು ಗುಡ್ಡದ ಬದಿಯಿಂದ ರಸ್ತೆಯಡಿ ನುಗ್ಗುತ್ತದೆ. ಅಲ್ಲಿ ಗುಡ್ಡದ ಬದಿಗೆ ಜಲ್ಲಿಪದರಕ್ಕಿಂತ ಆಳವಾಗಿ ಕಾಲುವೆ ತೋಡಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 40 ಮಿ.ಮೀ. ಜಲ್ಲಿ ತುಂಬಿ, ನೀರನ್ನು ಹತ್ತಿರದ ಮೋರಿಗೆ ಬಿಡಬೇಕು. ಗದಗ, ವಿಜಯಪುರ, ಕಲಬುರಗಿಯ ಎರೆ ಮಣ್ಣು ಇನ್ನೊಂದು ಬಗೆ: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಬಿರುಕು ರಸ್ತೆಯ ಅಂಚಿನಿಂದ ಒಳಕ್ಕೆ ಬರುತ್ತದೆ. ಅಂಚಿನ ಪಕ್ಕದ ಮಣ್ಣಿಗೆ ಗರಸು ಹಾಕಿ ಗಟ್ಟಿ ಮಾಡಿ, ಬಿರುಕುಗಳನ್ನು ಮಳೆಗೆ ಮುಂಚೆಯೇ ಡಾಂಬರಿನಿಂದ ತುಂಬಿದರೆ ಗುಂಡಿ ಹುಟ್ಟುವುದೇ ಕಡಿಮೆಯಾಗುತ್ತದೆ.

ತಳದ ಮಣ್ಣಿನ ಗಟ್ಟಿತನವನ್ನು ಹಾರೆಯ ಏಟಿನಲ್ಲೇ ಅಂದಾಜು ಮಾಡಬಹುದು. ಡೈನಮಿಕ್ ಕೋನ್ ಪೆನೆಟ್ರೋಮೀಟರ್ ಇದ್ದರೆ ಲೆಕ್ಕ ಸಿಗುತ್ತದೆ: 8 ಕೆ.ಜಿ. ಸುತ್ತಿಗೆ 575 ಮಿ.ಮೀ. ಎತ್ತರದಿಂದ ಬಿದ್ದಾಗ ಕಡ್ಡಿ ಎಷ್ಟು ಇಳಿಯುತ್ತದೆ ಎಂಬುದು. ಜಲ್ಲಿಪದರದ ಕೆಳಗಿನ ಮಣ್ಣಿನಲ್ಲಿ ಏಟಿಗೆ 10 ಮಿ.ಮೀ. ಇಳಿದರೆ ಸಿಬಿಆರ್ (ಮಣ್ಣು ಭಾರ ಹೊರುವ ಶಕ್ತಿಯ ಅಳತೆ) ಸುಮಾರು 22, ಚಿಂತೆಯಿಲ್ಲ. 30 ಮಿ.ಮೀ. ಇಳಿದರೆ 6ರ ಆಸುಪಾಸು. 50 ಇಳಿದರೆ 4ಕ್ಕೂ ಕಡಿಮೆ, ಆ ಮಣ್ಣು ತೆಗೆಯಲೇಬೇಕು.

ಮತ್ತೆ ಮುಚ್ಚುವಾಗ

ಸುತ್ತ ಕೋನ್, ರಾತ್ರಿಯಾದರೆ ಮಿನುಗು ದೀಪ. ಕತ್ತರಿಸಿದ ಗುಂಡಿಯನ್ನು ತೆರೆದಿಟ್ಟು ಮನೆಗೆ ಹೋಗುವುದು ಹಳೆಯ ಗುಂಡಿಗಿಂತ ಅಪಾಯ, ಅದರ ಅಂಚು ನೆಟ್ಟಗಿರುತ್ತದೆ. ಆ ದಿನ ಮುಚ್ಚಲಾಗುವಷ್ಟನ್ನೇ ಕತ್ತರಿಸಿ.

ಮಾಲಿನ ಲೆಕ್ಕ ಸುಲಭ. ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಗುಣಿಸಿ 2,350ರಿಂದ ಗುಣಿಸಿದರೆ ಕೆ.ಜಿ. ಮೇಲೆ ಹೇಳಿದ 1 ಮೀ. × 0.6 ಮೀ. × 0.05 ಮೀ. ಗುಂಡಿಗೆ ಸುಮಾರು 70 ಕೆ.ಜಿ. ಗುಂಡಿಗೆ ಹೋದದ್ದು 40 ಕೆ.ಜಿ. ಮಾತ್ರ ಎಂದಾದರೆ ಒಂದೋ ಆಳ ಕಡಿಮೆ, ಇಲ್ಲವೇ ಒಳಗೆ ಬೇರೇನೋ ತುಂಬಿದೆ. ಬಿಲ್ ಪರಿಶೀಲಿಸುವವರಿಗೂ ಈ ಲೆಕ್ಕ ಉಪಯೋಗ.

ಜಲ್ಲಿಪದರವೇ ಕೆಟ್ಟಿದ್ದರೆ ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ ಮಿಶ್ರಣ) ಅನ್ನು 75ರಿಂದ 100 ಮಿ.ಮೀ. ಪದರಗಳಲ್ಲಿ ಹಾಕಿ ದಮ್ಮಸು ಮಾಡಿ, ಮೇಲೆ ನಿಧಾನ ಒಡೆಯುವ ಎಸ್‌ಎಸ್-1 ಎಮಲ್ಷನ್ನಿನ ಪ್ರೈಮ್ ಕೋಟ್ (ಜಲ್ಲಿಪದರದ ಮೇಲೆ ಬಳಿಯುವ ಮೊದಲ ಲೇಪ) ಚದರ ಮೀಟರಿಗೆ 0.7ರಿಂದ 1.0 ಕೆ.ಜಿ. ಅದು ಹೀರಿಕೊಂಡು ಒಣಗಲು 24 ಗಂಟೆ ಬೇಕು. ಬೆಳಗಾಗುವುದರೊಳಗೆ ರಸ್ತೆ ಬಿಡಬೇಕಾದ ಕಡೆ ಅಷ್ಟು ಕಾಯಲಾಗದು. ಅಲ್ಲಿ ವೆಟ್ ಮಿಕ್ಸ್ ಬದಲು ತಳದಿಂದಲೇ ಡಿಬಿಎಂ (ಕೆಳಪದರಕ್ಕೆ ಬಳಸುವ ದಟ್ಟ ಡಾಂಬರು ಮಿಶ್ರಣ) ತುಂಬಿ ಮೇಲಿನ 40 ಮಿ.ಮೀ. ಬಿ.ಸಿ. (ಮೇಲ್ಪದರದ ಡಾಂಬರು ಕಾಂಕ್ರೀಟ್) ಹಾಕುವುದು ದುಬಾರಿಯಾದರೂ ಸರಿಯಾದ ದಾರಿ.

ಕೊನೆಗೆ ಜೋಡಣೆಯ ಗೆರೆಯ ಮೇಲೆ 50ರಿಂದ 75 ಮಿ.ಮೀ. ಅಗಲಕ್ಕೆ ಬಿಸಿ ಡಾಂಬರು ಎಳೆದು ಜಲ್ಲಿಪುಡಿ ಉದುರಿಸಿ. ಐದು ನಿಮಿಷದ ಈ ಕೆಲಸ ತೇಪೆಯ ಆಯುಸ್ಸನ್ನು ಎಷ್ಟು ಹೆಚ್ಚಿಸುತ್ತದೆ ಎಂದರೆ, ಇದನ್ನು ಬಿಡುವುದಕ್ಕೆ ಯಾವ ನೆಪವನ್ನೂ ಒಪ್ಪಬಾರದು. ತೇಪೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ವಾಹನ ಬಿಡಿ.

ಮಳೆ ಬಿಡದಿದ್ದರೆ

ಸುರಿಯುವ ಮಳೆಯಲ್ಲಿ ಬಿಸಿ ಮಾಲು ಹಾಕಬೇಡಿ. ಚೀಲದಲ್ಲಿ ಬರುವ, ಕಟ್‌ಬ್ಯಾಕ್ ಡಾಂಬರಿನ (ದ್ರಾವಕ ಬೆರೆಸಿ ತೆಳು ಮಾಡಿದ ಡಾಂಬರು) ಸಿದ್ಧ ಮಿಶ್ರಣಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 116:2014ರ ನಿರ್ದಿಷ್ಟತೆಯಿದೆ, ಅದಕ್ಕೆ ಹೊಂದುವ ಮಾಲನ್ನೇ ಕೇಳಿ. ಎಮಲ್ಷನ್ನಿನ ತಣ್ಣನೆ ಮಿಶ್ರಣ ಮಳೆಗಲ್ಲ, ಒಡೆಯುವ ಮುಂಚೆ ನೀರು ಬಿದ್ದರೆ ತೊಳೆದುಹೋಗುತ್ತದೆ. ಗುಂಡಿಯ ನೀರನ್ನು ಎತ್ತಿ ಹಾಕಿ, ಕಸ ತೆಗೆದು, ಸಿದ್ಧ ಮಿಶ್ರಣ ತುಂಬಿ, ಗಾಡಿಯ ಚಕ್ರವನ್ನು ನಾಲ್ಕರಿಂದ ಎಂಟು ಸಲ ಓಡಿಸಿ. ತುಂಬಿ ಚಕ್ರ ಓಡಿಸುವ ಈ ವಿಧಾನ ಕೀಳು ಎಂಬ ಅಭಿಪ್ರಾಯ ನಮ್ಮಲ್ಲಿದೆ. ಅಮೆರಿಕದಲ್ಲಿ 1990ರ ದಶಕದ ದೊಡ್ಡ ಕ್ಷೇತ್ರ ಪರೀಕ್ಷೆಯಲ್ಲಿ, ಮಾಲು ಒಳ್ಳೆಯದಿದ್ದಾಗ ಇದು ಕತ್ತರಿಸಿ ಮುಚ್ಚಿದ ತೇಪೆಗಳಷ್ಟೇ ಬಾಳಿತ್ತು. ಅಲ್ಲಿ ಗೆದ್ದದ್ದು ಮಾಲಿನ ಗುಣ. ಅಗ್ಗದ ಚೀಲ ತಂದು ಹೀಗೆ ಮಾಡಿದರೆ ಎರಡನೇ ಮಳೆಗೇ ಜಲ್ಲಿ ರಸ್ತೆ ತುಂಬ ಹರಡಿ, ಬೈಕಿನವರು ಜಾರುತ್ತಾರೆ.

ಮುಚ್ಚಿದ ದಿನಾಂಕ, ಆಳ, ಮಾಲಿನ ಉಷ್ಣತೆ, ತಳದಲ್ಲಿ ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲ ಜೋರು ಮಳೆ ನಿಂತು ಒಂದು ಗಂಟೆಯಾದ ಮೇಲೆ ಹೋಗಿ ನೋಡಿ. ಸುತ್ತಲ ರಸ್ತೆ ಒಣಗಿದ್ದು ತೇಪೆಯ ಅಂಚು ಮಾತ್ರ ಒದ್ದೆಯಾಗಿದ್ದರೆ ಜೋಡಣೆಯಲ್ಲಿ ನೀರು ಇಳಿಯುತ್ತಿದೆ ಎಂದು ಅರ್ಥ. ಒಣಗಿದ ಮರುದಿನವೇ ಆ ಗೆರೆಗೆ ಇನ್ನೊಮ್ಮೆ ಡಾಂಬರು ಎಳೆಯಿರಿ.